ಮೊದಲು ಎಂಜಿನ್ ಅಳೆಯೋಣ, ಆಮೇಲೆ ವಿಮಾನದ ಮಾತು

ಮಂಡ್ಯದಲ್ಲಿ ನಮ್ಮ ಮಾಮುವಿನ ರಿಪೇರಿ ಅಂಗಡಿಗೆ ಬರುವ ಮೆಷಿನ್‌ಗಳಲ್ಲಿ ಹೆಚ್ಚಿನವು ಎರಡೇ ಬಗೆ. ಒಂದು ಕಳೆ ಕೊಚ್ಚುವ ಮೆಷಿನ್, ಇನ್ನೊಂದು ಮರ ಕೊಯ್ಯುವ ಚೈನ್‌ಸಾ. ತೆಂಗಿನ ಮರ ಉರುಳಿಸುವವರು, ಸೌದೆ ಡಿಪೋದವರು, ಗದ್ದೆ ಬದು ಸವರುವವರು ಅವನ್ನು ತಂದು ಹಾಕಿ ಹೋಗುತ್ತಾರೆ. ರಿಪೇರಿಗೆ ಹೆಚ್ಚು ದುಡ್ಡಾಗುತ್ತದೆ ಎಂದರೆ ಕೆಲವರು ತಿರುಗಿ ಬರುವುದೇ ಇಲ್ಲ. ಹಾಗೆ ಉಳಿದುಹೋದ ಒಂದು ಚೈನ್‌ಸಾವನ್ನು ಕಳೆದ ಬೇಸಿಗೆ ರಜೆಯಲ್ಲಿ ಮಾಮು ನನಗೂ ನನ್ನ ತಮ್ಮನಿಗೂ ಬಿಚ್ಚಿ ನೋಡಲು ಕೊಟ್ಟರು. ಅದರ ಮೈಮೇಲೆ ದೊಡ್ಡ ಅಕ್ಷರದಲ್ಲಿ 58 ಸಿಸಿ ಎಂದು ಬರೆದಿತ್ತು.

ನಾನು ಅದನ್ನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮಾಮು ನಕ್ಕರು. "ಬರ್ದಿರೋದನ್ನ ಯಾಕಮ್ಮ ಬರ್ಕೊತೀಯಾ? ಅಳ್ದು ಬರ್ಕೊ" ಎಂದರು.

ಪ್ರಥಮ ಪಿಯುಸಿಯ ಭೌತಶಾಸ್ತ್ರ ಲ್ಯಾಬಿನಲ್ಲಿ ನಾವೆಲ್ಲ ವರ್ನಿಯರ್ ಕ್ಯಾಲಿಪರ್ ಹಿಡಿದವರೇ. ಅಲ್ಲಿ ಒಂದು ಕಬ್ಬಿಣದ ಗುಂಡನ್ನೋ ಕೊಳವೆಯನ್ನೋ ಅಳೆದು, ಉತ್ತರ ಸರಿ ಬಂತೇ ಎಂದು ಪಕ್ಕದವರ ರೆಕಾರ್ಡ್ ನೋಡುತ್ತೇವೆ. ಇಲ್ಲಿ ಪಕ್ಕದವರೇ ಇರಲಿಲ್ಲ. ಸಿಲಿಂಡರಿನ ಒಳವ್ಯಾಸ 45 ಮಿಲಿಮೀಟರ್ ಬಂತು. ಪಿಸ್ಟನ್ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಇಳಿಯುವ ದೂರ 33.5 ಮಿಲಿಮೀಟರ್. π/4 × 4.5 × 4.5 × 3.35 ಎಂದು ಲೆಕ್ಕ ಹಾಕಿದರೆ 53.3 ಸಿಸಿ. ಮೂರು ಸಲ ಅಳೆದೆವು, ಮೂರು ಸಲವೂ ಅದೇ. ಹೆಸರಿನಲ್ಲಿ 58, ಅಳತೆಯಲ್ಲಿ 53.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಈ ವ್ಯತ್ಯಾಸದ ಬಗ್ಗೆಯೇ. ನಮ್ಮ ಕಾಲೇಜಿನಲ್ಲಿ ಇಂಥ ಒಂದು ಹಳೆಯ ಎಂಜಿನ್ನನ್ನು ದೊಡ್ಡ ಮಾದರಿ ವಿಮಾನದ ಎಂಜಿನ್ನಾಗಿ ಪರಿವರ್ತಿಸುವ ಕೆಲಸ ಶುರುವಾಗಬೇಕು ಎಂಬುದು ನನ್ನ ಬೇಡಿಕೆ. ಆದರೆ ಮೊದಲ ವರ್ಷ ಅದನ್ನು ಹಾರಿಸಬಾರದು. ಅಳೆಯುವುದು ಮಾತ್ರ.

ಇದೇನು ಹುಚ್ಚು, ಮರ ಕೊಯ್ಯುವ ಎಂಜಿನ್ನಿಗೂ ವಿಮಾನಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಒಂದು ಮಾತು. ಇದು ನನ್ನ ಕಲ್ಪನೆಯಲ್ಲ. ಅಮೆರಿಕ, ಯುರೋಪ್‌ಗಳಲ್ಲಿ ರೆಕ್ಕೆಯ ಅಗಲ 80 ಇಂಚು, ಅಂದರೆ ಸುಮಾರು ಎರಡು ಮೀಟರ್ ಮೀರಿದ ಮಾದರಿ ವಿಮಾನ ಕಟ್ಟುವ ಹವ್ಯಾಸ 1970–80ರ ದಶಕಗಳಲ್ಲಿ ಬೆಳೆಯಿತು. ಚಿಕ್ಕ ವಿಮಾನಗಳಲ್ಲಿದ್ದ ಮೆಥನಾಲ್ ಎಂಜಿನ್‌ಗಳು ಅಷ್ಟು ದೊಡ್ಡದಕ್ಕೆ ಸಾಲುತ್ತಿರಲಿಲ್ಲ, ಆ ಇಂಧನವೂ ದುಬಾರಿ. ಆಗ ಹವ್ಯಾಸಿಗಳು ಕೈಹಾಕಿದ್ದು ಚೈನ್‌ಸಾ ಮತ್ತು ಕಳೆ ಕೊಚ್ಚುವ ಮೆಷಿನ್‌ಗಳಿಗೆ. ಇಂಥ ಯಂತ್ರಗಳನ್ನು ತಯಾರಿಸುತ್ತಿದ್ದ ಜಪಾನಿನ ಝೆನೋವಾ ಕಂಪನಿ ಮುಂದೆ ಮಾದರಿ ವಿಮಾನಗಳಿಗೂ ಎಂಜಿನ್ ಮಾಡಿ ಮಾರಿತು. ಈಗ ಸಿದ್ಧ ಎಂಜಿನ್‌ಗಳು ಸಿಗುವುದರಿಂದ ಹೊರದೇಶದಲ್ಲಿ ಹಳೆಯ ಗರಗಸ ಬಿಚ್ಚುವವರು ಕಡಿಮೆಯಾಗಿದ್ದಾರೆ. ನಮಗೆ ಬೇಕಿರುವುದು ಎಂಜಿನ್ ಅಷ್ಟೇ ಅಲ್ಲ, ಎಂಜಿನ್ನಿನ ಪಾಠ. ಅದು ಸಿದ್ಧವಾಗಿ ಅಂಗಡಿಯಲ್ಲಿ ಸಿಗುವುದಿಲ್ಲ.

ಬಿಚ್ಚುತ್ತ ಹೋದಂತೆ ನಮಗೆ ಗೊತ್ತಾದ ಮೊದಲ ಸಂಗತಿ ಕಾರ್ಬುರೇಟರಿನದು. ಬೈಕಿನ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಮೇಲೆ ತೇಲುವ ಒಂದು ಪುಟ್ಟ ಬುರುಡೆ ಇರುತ್ತದೆ. ಬೈಕ್ ಅಡ್ಡ ಬಿದ್ದರೆ ಅದರ ಲೆಕ್ಕ ತಪ್ಪಿ ಪೆಟ್ರೋಲ್ ಸೋರುತ್ತದೆ. ಚೈನ್‌ಸಾದಲ್ಲಿ ಆ ಬುರುಡೆ ಇಲ್ಲ, ಬದಲಿಗೆ ತೆಳ್ಳನೆಯ ಪೊರೆ ಇದೆ. ಮರ ಕೊಯ್ಯುವವರು ಮೆಷಿನ್ನನ್ನು ನೆಟ್ಟಗೆ ಹಿಡಿದು ಕೊಂಬೆ ಕಡಿಯುತ್ತಾರೆ, ಬುಡ ಕೊಯ್ಯುವಾಗ ಪೂರ್ತಿ ಅಡ್ಡ ಮಲಗಿಸುತ್ತಾರೆ. ಹೇಗೆ ಹಿಡಿದರೂ ಎಂಜಿನ್ ನಿಲ್ಲಬಾರದು. ಆಕಾಶದಲ್ಲಿ ಓಲಾಡುವ, ಮಗುಚುವ ವಿಮಾನಕ್ಕೂ ಬೇಕಾದದ್ದು ಇದೇ ಗುಣ.

ಎರಡನೆಯದು ಕಿಡಿ. ಫ್ಲೈವೀಲ್‌ನಲ್ಲಿ ಕೂರಿಸಿದ ಆಯಸ್ಕಾಂತ ಕಾಯಿಲ್ ಪಕ್ಕ ಹಾದುಹೋದಾಗ ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಬರುತ್ತದೆ, ಬ್ಯಾಟರಿಯೇ ಬೇಡ. ದ್ವಿತೀಯ ಪಿಯುಸಿಯ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠವನ್ನು ನಾನು ಬಾಯಿಪಾಠ ಮಾಡಿ ಬರೆದು ಅಂಕ ತೆಗೆದಿದ್ದೆ. ಫ್ಲೈವೀಲನ್ನು ಕೈಯಲ್ಲಿ ತಿರುಗಿಸಿ ಆ ನೀಲಿ ಕಿಡಿ ಹಾರಿದಾಗಲೇ ಫ್ಯಾರಡೆ ಏನು ಹೇಳಿದ್ದು ಎಂದು ತಿಳಿದದ್ದು. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಿಜ.

ಮೂರನೆಯದು ತಿರುಗುವ ದಿಕ್ಕು. ಚೈನ್ ಕಟ್ಟುವ ಕ್ಲಚ್ ಕಡೆಯಿಂದ ನೋಡಿದರೆ ದಂಡ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಅದೇ ದಂಡವನ್ನು ಫ್ಲೈವೀಲ್ ಕಡೆಯಿಂದ ನೋಡಿದರೆ ಅದಕ್ಕೆ ವಿರುದ್ಧ. ಸಾಮಾನ್ಯ ಪ್ರೊಪೆಲ್ಲರ್, ವಿಮಾನದ ಎದುರು ನಿಂತು ನೋಡುವವರಿಗೆ, ಗಡಿಯಾರಕ್ಕೆ ವಿರುದ್ಧವಾಗಿ ತಿರುಗಬೇಕು. ಹಾಗಾಗಿ ಅದನ್ನು ಫ್ಲೈವೀಲ್ ಕಡೆಗೆ ಕೂರಿಸುವುದು ಸರಿ. ಕ್ಲಚ್ ಕಡೆಗೇ ಕೂರಿಸಬೇಕೆಂದರೆ ಉಲ್ಟಾ ಪ್ರೊಪೆಲ್ಲರ್ ಬೇಕು. ನಾನು ಮತ್ತು ತಮ್ಮ ಇದರ ಮೇಲೆ ಅರ್ಧ ದಿನ ಜಗಳವಾಡಿದೆವು. ಕೊನೆಗೆ ನೋಡಿದರೆ ಇಬ್ಬರೂ ಸರಿ, ನಿಂತ ಕಡೆ ಮಾತ್ರ ಬೇರೆ.

ಬ್ಲೇಡು, ಚೈನು, ಹಿಡಿ, ಕ್ಲಚ್, ಪ್ಲಾಸ್ಟಿಕ್ ಕವಚ ಎಲ್ಲ ತೆಗೆದ ಮೇಲೆ ಉಳಿದದ್ದು ಎರಡೂಕಾಲು ಕೆ.ಜಿ. ಪ್ರೊಪೆಲ್ಲರ್ ಕೂರಿಸುವ ಹಬ್ಬನ್ನು ಲೇತ್‌ನಲ್ಲಿ ಮಾಡಿಸಬೇಕು. ಚೈನಿನ ಎಳೆತ ದಂಡಕ್ಕೆ ಅಡ್ಡಲಾಗಿ ಬೀಳುತ್ತಿತ್ತು, ಪ್ರೊಪೆಲ್ಲರ್ ದಂಡದ ಉದ್ದಕ್ಕೂ ಎಳೆಯುತ್ತದೆ. ಹಬ್ ಕೂದಲೆಳೆಯಷ್ಟು ಓರೆಯಾದರೂ ಇಡೀ ಎಂಜಿನ್ ನಡುಗುತ್ತದೆ. ಇಲ್ಲಿಯವರೆಗೆ ಬಂದು ನಾವು ನಿಂತೆವು. ಹಬ್ ಮಾಡಿಸಿಲ್ಲ, ಪ್ರೊಪೆಲ್ಲರ್ ಹಾಕಿಲ್ಲ. ಕಾರಣ ದುಡ್ಡಲ್ಲ, ಭಯ.

ಆ ಭಯಕ್ಕೂ ಲೆಕ್ಕ ಇದೆ. ಈ ಗಾತ್ರದ ಎಂಜಿನ್ನಿಗೆ ಸಾಮಾನ್ಯವಾಗಿ ಹಾಕುವುದು 22 ಇಂಚು ಉದ್ದ, 8 ಇಂಚು ಪಿಚ್‌ನ ಪ್ರೊಪೆಲ್ಲರ್. ಅದು ನಿಮಿಷಕ್ಕೆ 7,000 ಸುತ್ತು ತಿರುಗಿದರೆ ತುದಿಯ ವೇಗ ಸೆಕೆಂಡಿಗೆ 205 ಮೀಟರ್, ಗಂಟೆಗೆ ಸುಮಾರು 740 ಕಿಲೋಮೀಟರ್. ಅಲ್ಲಿ ಒಂದೇ ಒಂದು ಗ್ರಾಂ ತೂಕದ ಚೂರು ಅಂಟಿಕೊಂಡಿದೆ ಎನ್ನಿ. ವೃತ್ತೀಯ ಚಲನೆಯ ಸೂತ್ರ ಹಾಕಿದರೆ ಅದನ್ನು ಹಿಡಿದಿಡಲು ಬೇಕಾದ ಬಲ 150 ನ್ಯೂಟನ್, ಅಂದರೆ 15 ಕೆ.ಜಿ. ಭಾರ. ಪ್ರೊಪೆಲ್ಲರ್ ಬಿರುಕು ಬಿಟ್ಟಿದ್ದರೆ, ಎರಡು ಅಲಗುಗಳ ತೂಕ ಸಮ ಇಲ್ಲದಿದ್ದರೆ ಏನಾಗಬಹುದು ಎಂದು ಬೇರೆ ಹೇಳಬೇಕಿಲ್ಲ. ಇನ್ನೂ ಒಂದು ಮಾತು. ಚೈನ್‌ಸಾ ಭಾರವಿಲ್ಲದೆ ಓಡುವಾಗ 12,000 ಸುತ್ತು ದಾಟುತ್ತದೆ. ಅದೇ ವೇಗದಲ್ಲಿ ಈ ಪ್ರೊಪೆಲ್ಲರನ್ನು ತಿರುಗಿಸಿದರೆ ತುದಿ ಶಬ್ದದ ವೇಗವನ್ನೇ ಮೀರಬೇಕಾಗುತ್ತದೆ! ಆದ್ದರಿಂದಲೇ ಎಂಜಿನ್ ಗಾತ್ರಕ್ಕೆ ತಕ್ಕಷ್ಟು ದೊಡ್ಡ ಪ್ರೊಪೆಲ್ಲರ್ ಹಾಕಿ ಅದರ ಓಟವನ್ನು ಹಿಡಿದಿಡುತ್ತಾರೆ. ಇವೆಲ್ಲ ನಮ್ಮ ಪಠ್ಯಪುಸ್ತಕದ ಸೂತ್ರಗಳೇ. ಎಂಜಿನ್ ಎದುರು ಇಟ್ಟುಕೊಂಡು ಬಿಡಿಸಿದರೆ ಅವೇ ಸೂತ್ರಗಳು ನಮ್ಮ ಬೆರಳು ಕಾಯುತ್ತವೆ.

ಈಗ ಕಷ್ಟದ ವಿಷಯಕ್ಕೆ ಬರುತ್ತೇನೆ. ತರಗತಿಯಲ್ಲಿ ಇದನ್ನು ಹೇಳಿದ ದಿನ ಹಿಂದಿನ ಬೆಂಚಿನಿಂದ ಒಂದು ದನಿ ಬಂತು: "ಏನಮ್ಮೀ, ನೀನೂ ಡ್ರೋನ್ ಬುಡ್ತೀಯಾ?" ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಮಂಡ್ಯದವರಿಗೆ ಆ ಮಾತಿನ ಅರ್ಥ ವಿವರಿಸಬೇಕಿಲ್ಲ. ನಮ್ಮ ಮಳವಳ್ಳಿ ತಾಲ್ಲೂಕಿನ ಯುವಕರೊಬ್ಬರು ಗುಜರಿ ಸಾಮಾನಿನಿಂದ ಡ್ರೋನ್ ಮಾಡಿದವರೆಂದು ನಾಡಿಗೆಲ್ಲ ಹೆಸರಾದರು. 2020ರಲ್ಲಿ ಸುದ್ದಿಯ ಸತ್ಯಾಸತ್ಯತೆ ಪರಿಶೀಲಿಸುವವರು ಕೇಳಿದಾಗ ಆ ಹೇಳಿಕೆಗಳಿಗೆ ಆಧಾರ ಸಿಗಲಿಲ್ಲ. ಅಂದಿನಿಂದ ನಮ್ಮ ಜಿಲ್ಲೆಯಲ್ಲಿ ಹಾರುವ ವಸ್ತುವಿನ ಮಾತೆತ್ತಿದರೆ ನಗು ಮೊದಲು, ಪ್ರಶ್ನೆ ಆಮೇಲೆ.

ಆ ವ್ಯಕ್ತಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅವರಿಗೆ ಹಾರ ಹಾಕಿದವರು ಯಾರು? ಊರೂರಲ್ಲಿ ಸನ್ಮಾನ ಮಾಡಿ ಚಪ್ಪಾಳೆ ತಟ್ಟಿದವರು ಯಾರು? "ಒಮ್ಮೆ ತೋರಿಸಿ, ತೂಕ ಎಷ್ಟು, ಎಷ್ಟು ಹೊತ್ತು ಹಾರಿತು, ಬರೆದಿಟ್ಟ ಪುಸ್ತಕ ಎಲ್ಲಿ" ಎಂದು ಆ ಸಭೆಗಳಲ್ಲಿ ಯಾರಾದರೂ ಕೇಳಿದ್ದರೆ ಕಥೆ ಅಷ್ಟು ದೂರ ಹೋಗುತ್ತಿರಲಿಲ್ಲ. ಕೇಳದೆ ಚಪ್ಪಾಳೆ ತಟ್ಟಿದವರೇ ಈಗ ಕೇಳದೆ ನಗುತ್ತಿದ್ದೇವೆ. ಎರಡರಲ್ಲೂ ಅಳತೆ ಇಲ್ಲ. ಮೆಷಿನ್ ಮೇಲೆ 58 ಎಂದು ಬರೆದಿದ್ದನ್ನು ನಂಬುವುದು ಎಷ್ಟು ತಪ್ಪೋ, 58 ಅಲ್ಲವೆಂದು ಗೊತ್ತಾದ ಮೇಲೆ ಅದು ಬರೀ ಡಬ್ಬ ಎಂದು ಎಸೆಯುವುದೂ ಅಷ್ಟೇ ತಪ್ಪು. ಅದು 53.3 ಸಿಸಿಯ ಒಳ್ಳೆಯ ಎಂಜಿನ್.

ಅಳತೆ ಹಿಡಿದು ಕೂತವರು ಏನು ಮಾಡಬಲ್ಲರು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಮೇನಾರ್ಡ್ ಹಿಲ್ ಎಂಬವರು 77ನೇ ವಯಸ್ಸಿನಲ್ಲಿ, ಕಣ್ಣು ಬಹುಮಟ್ಟಿಗೆ ಮಂದವಾಗಿದ್ದಾಗ, ಐದು ಕೆ.ಜಿ.ಗಿಂತ ಕಡಿಮೆ ತೂಕದ ಮಾದರಿ ವಿಮಾನವನ್ನು ಅಟ್ಲಾಂಟಿಕ್ ಸಾಗರ ದಾಟಿಸಿದರು. 2003ರ ಆಗಸ್ಟ್‌ನಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಿಂದ ಹೊರಟ ಅದು 38 ಗಂಟೆ 52 ನಿಮಿಷ ಹಾರಿ ಐರ್ಲೆಂಡಿನಲ್ಲಿ ಇಳಿಯಿತು. ದೂರ ಸುಮಾರು 3,000 ಕಿಲೋಮೀಟರ್. ಎಂಜಿನ್ ಬರೀ 10 ಸಿಸಿ. ಅದಕ್ಕೂ ಮೊದಲಿನ ಪ್ರಯತ್ನಗಳು ವಿಫಲವಾಗಿದ್ದವು. ಪ್ರತಿ ಸೋಲಿನ ನಂತರ ಅವರ ತಂಡ ಇಂಧನದ ಹನಿಹನಿ ಲೆಕ್ಕ ಹಾಕಿ ಮತ್ತೆ ಕಟ್ಟಿತು. ಅವರ ಮಾತನ್ನು ಜಗತ್ತು ನಂಬಿದ್ದು ಲೆಕ್ಕ ಎದುರಿಗೆ ಇದ್ದುದರಿಂದ.

ನಮ್ಮ ರಾಜ್ಯದ ಇತಿಹಾಸವೂ ಎಂಜಿನ್ನಿನ ಕಡೆಗೇ ಬೆರಳು ತೋರಿಸುತ್ತದೆ. ಬೆಂಗಳೂರಿನ ಎಚ್‌ಎಎಲ್ ವಿನ್ಯಾಸ ಮಾಡಿದ ಎಚ್‌ಟಿ–2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಹಾರಿತು. ಅದರ ಎಂಜಿನ್ ಇಂಗ್ಲೆಂಡಿನದು. ಐವತ್ತು ವರ್ಷಗಳ ನಂತರ, 2001ರ ಜನವರಿ 4ರಂದು, ಬೆಂಗಳೂರಿನಲ್ಲೇ ತೇಜಸ್ ಯುದ್ಧವಿಮಾನ ಮೊದಲ ಸಲ ಹಾರಿತು. ಅದರ ಎಂಜಿನ್ ಅಮೆರಿಕದ ಜಿಇ ಕಂಪನಿಯದು. ತೇಜಸ್‌ಗೆಂದು ಬೆಂಗಳೂರಿನಲ್ಲೇ ರೂಪಿಸಿದ ಕಾವೇರಿ ಎಂಜಿನ್ ಆ ವಿಮಾನಕ್ಕೆ ಕೂರಲಿಲ್ಲ. ರೆಕ್ಕೆ ನಮಗೆ ಒಲಿದಿದೆ, ಎಂಜಿನ್ ಇನ್ನೂ ಪೂರ್ತಿ ಒಲಿದಿಲ್ಲ. ಕಾಲೇಜಿನ ಒಂದು ಹಳೆಯ ಗರಗಸದಿಂದ ಅದು ಒಲಿದುಬಿಡುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಎಂಜಿನ್ ಕಟ್ಟಬೇಕಾದ ಮುಂದಿನ ಪೀಳಿಗೆ ಎಂಜಿನ್ನನ್ನು ಚಿತ್ರದಲ್ಲಿ ಮಾತ್ರ ನೋಡಿ ಬೆಳೆದರೆ ಒಲಿಯುವುದು ಹೇಗೆ?

ರೈಟ್ ಸಹೋದರರ ಹೆಸರು ಎಲ್ಲರಿಗೂ ಗೊತ್ತು. 1903ರಲ್ಲಿ ಅವರ ವಿಮಾನಕ್ಕೆ 12 ಅಶ್ವಶಕ್ತಿಯ ಎಂಜಿನ್ನನ್ನು ಆರೇ ವಾರದಲ್ಲಿ ಮಾಡಿಕೊಟ್ಟದ್ದು ಅವರ ಸೈಕಲ್ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್. ಅವನ ಹೆಸರು ಎಷ್ಟು ಜನಕ್ಕೆ ಗೊತ್ತು? ನಮ್ಮಲ್ಲೂ ಹಾಗೆಯೇ. ಕಾಲೇಜು ಮುಗಿಸಿ ಸಂಜೆ ಅಪ್ಪನ ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗರು ನಮ್ಮ ತರಗತಿಯಲ್ಲೇ ಇದ್ದಾರೆ. ಶಬ್ದ ಕೇಳಿಯೇ ಪೆಟ್ರೋಲ್ ಹೆಚ್ಚಾಗಿದೆಯೋ ಗಾಳಿ ಹೆಚ್ಚಾಗಿದೆಯೋ ಹೇಳಬಲ್ಲರು. ಭೌತಶಾಸ್ತ್ರದಲ್ಲಿ ಅವರು ಪಾಸಾದರೆ ಸಾಕು ಎಂಬ ಸ್ಥಿತಿ. 95 ಅಂಕ ತೆಗೆಯುವ ನನ್ನಂಥವರಿಗೆ ಪ್ಲಗ್ ಬಿಚ್ಚಲು ಬರುತ್ತಿರಲಿಲ್ಲ. ಈ ಎರಡು ಬೆಂಚುಗಳ ನಡುವೆ ಒಂದು ಮೇಜು ಹಾಕಿ ಅದರ ಮೇಲೆ ಎಂಜಿನ್ ಇಟ್ಟರೆ ಇಬ್ಬರಿಗೂ ಲಾಭ.

ಹುಡುಗಿಯರ ವಿಷಯವನ್ನೂ ಹೇಳಲೇಬೇಕು. ನನಗೆ ಮಾಮು ಇದ್ದರು, ಅಂಗಡಿಯ ಷಟರ್ ಅರ್ಧ ಎಳೆದು ಭಾನುವಾರ ಕೂರಿಸಿ ಕಲಿಸಿದರು. ಅಂಥ ಮಾಮು ಇಲ್ಲದ ನನ್ನ ಗೆಳತಿಯರು ಎಲ್ಲಿ ಕಲಿಯಬೇಕು? ರಿಪೇರಿ ಅಂಗಡಿಯ ಮುಂದೆ ಅವರು ಹತ್ತು ನಿಮಿಷ ನಿಂತರೂ ಮನೆಗೆ ಸುದ್ದಿ ಮುಟ್ಟುತ್ತದೆ. ಕಾಲೇಜಿನ ಆವರಣ ಅವರಿಗೆ ಇರುವ ಒಂದೇ ವರ್ಕ್‌ಶಾಪ್.

ಆಕ್ಷೇಪಗಳು ಇವೆ, ಅವುಗಳಲ್ಲಿ ಹುರುಳೂ ಇದೆ. ಕಳೆದ ವಿಜ್ಞಾನ ದಿನಕ್ಕೆ ಎಂಜಿನ್ ತರಲೇ ಎಂದು ಕೇಳಿದಾಗ "ಪೆಟ್ರೋಲ್ ಬೇಡಮ್ಮ" ಎಂದರು. ಜನ ತುಂಬಿದ ಹಾಲಿನಲ್ಲಿ ಅದು ಸರಿಯಾದ ಉತ್ತರವೇ. ಪೆಟ್ರೋಲ್ ಎಂಜಿನ್ನನ್ನು ಕೋಣೆಯೊಳಗೆ ಓಡಿಸಬಾರದು, ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ತೆರೆದ ಶೆಡ್ ಬೇಕು, ಪಕ್ಕದಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಬೇಕು.

ಬ್ಯಾಟರಿ ಮೋಟಾರ್ ಇರುವಾಗ ಇದೇಕೆ ಎಂದು ಇನ್ನು ಕೆಲವರು ಕೇಳುತ್ತಾರೆ. ಒಂದೆರಡು ಕೆ.ಜಿ.ಯ ವಿಮಾನಕ್ಕೆ ಬ್ಯಾಟರಿಯೇ ಸರಿ, ನಾನೂ ಅದನ್ನೇ ಹೇಳುತ್ತೇನೆ. ಹತ್ತು ಕೆ.ಜಿ.ಯದಕ್ಕೆ ಬೇಕಾಗುವ ಬ್ಯಾಟರಿಯ ಬೆಲೆ ನಮ್ಮ ಕೈಗೆ ಎಟುಕುವುದಿಲ್ಲ. ಗರಗಸವಾದರೆ ಗುಜರಿಗೆ ಹೋಗಲು ಕಾದು ಕೂತಿದೆ. ಸಿಇಟಿ, ನೀಟ್ ತಯಾರಿಗೆ ಅಡ್ಡಿಯಾಗುತ್ತದೆ ಎಂಬವರಿಗೆ, ಮೇಲೆ ಹಾಕಿದ ಲೆಕ್ಕಗಳಲ್ಲಿ ಯಾವುದು ಪಠ್ಯದ ಹೊರಗಿನದು ಎಂದು ಕೇಳಬಯಸುತ್ತೇನೆ.

ಇನ್ನು ಕಾನೂನು. ಇಲ್ಲಿ ಕಾಲೇಜಿಗೆ ಇರುವ ಅನುಕೂಲ ನನಗೂ ನನ್ನ ತಮ್ಮನಿಗೂ ಇಲ್ಲ. ಕೇಂದ್ರ ಸರ್ಕಾರದ 2021ರ ಡ್ರೋನ್ ನಿಯಮಗಳು ದೂರದಿಂದ ನಿಯಂತ್ರಿಸುವ ಮಾದರಿ ವಿಮಾನಗಳಿಗೂ ಅನ್ವಯಿಸುತ್ತವೆ. ಆದರೆ ಸರ್ಕಾರದ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಸಂಶೋಧನೆ ಮತ್ತು ಪರೀಕ್ಷೆಗಾಗಿ, ಹಸಿರು ವಲಯದಲ್ಲಿ, ತಮ್ಮದೇ ಆವರಣ ಅಥವಾ ತಮ್ಮ ಹತೋಟಿಯ ಬಯಲಿನಲ್ಲಿ ಹಾರಿಸುವುದಾದರೆ ಹಲವು ಪರವಾನಗಿಗಳಿಂದ ವಿನಾಯಿತಿ ಇದೆ. ಮುಂದೊಂದು ದಿನ ಹಾರಿಸುವ ಮಾತು ಬಂದರೆ ಅದು ಕಾಲೇಜಿನ ಹೆಸರಿನಲ್ಲಿ, ಕಾಲೇಜಿನ ಕಣ್ಣೆದುರು ಆಗಬೇಕು. ಕಬ್ಬಿನ ಗದ್ದೆಗಳ ಮೇಲೆ ಪಂಪ್‌ಸೆಟ್ಟಿನ ಕರೆಂಟ್ ತಂತಿ ಹಾದುಹೋಗಿರುವ ನಮ್ಮ ಊರುಗಳಲ್ಲಿ, ಹತ್ತು ಕೆ.ಜಿ.ಯ ವಿಮಾನವನ್ನು ಹುಡುಗರು ತಾವೇ ಹಾರಿಸಲು ಹೋಗುವುದು ಅಪಾಯ. ನಾವು ಬೇಡವೆಂದು ಬಾಗಿಲು ಹಾಕಿದರೆ ಅವರು ಹೋಗುವುದು ಅಲ್ಲಿಗೇ.

ಆದ್ದರಿಂದ ಪ್ರಾಂಶುಪಾಲರಲ್ಲಿ ಮತ್ತು ಆಡಳಿತ ಮಂಡಳಿಯಲ್ಲಿ ನನ್ನ ಕೋರಿಕೆ ಇಷ್ಟು.

ಒಂದು, ಸೈಕಲ್ ಸ್ಟ್ಯಾಂಡಿನ ಹಿಂದಿನ ಖಾಲಿ ಜಾಗದಲ್ಲಿ ನೆಲಕ್ಕೆ ಬೋಲ್ಟ್ ಹಾಕಿದ ಒಂದು ಕಬ್ಬಿಣದ ಸ್ಟ್ಯಾಂಡ್, ಸುತ್ತ ಗಟ್ಟಿ ತಂತಿ ಬಲೆ. ಓಡುವಾಗ ಪ್ರೊಪೆಲ್ಲರಿನ ನೇರಕ್ಕಾಗಲಿ ಮುಂದಾಗಲಿ ಯಾರೂ ನಿಲ್ಲಬಾರದು. ನಿಲ್ಲಿಸುವ ಸ್ವಿಚ್ ಉಪನ್ಯಾಸಕರ ಕೈಯಲ್ಲಿ. ಪ್ರೊಪೆಲ್ಲರ್ ಹೊಸದು, ಕೊಂಡದ್ದು. ಬರಿಗೈಯಲ್ಲಿ ಅದನ್ನು ತಿರುಗಿಸಿ ಸ್ಟಾರ್ಟ್ ಮಾಡುವಂತಿಲ್ಲ.

ಎರಡು, ಮಂಡ್ಯದ ಪಿಇಎಸ್ ಎಂಜಿನಿಯರಿಂಗ್ ಕಾಲೇಜು 1962ರಿಂದ ನಮ್ಮ ಊರಿನಲ್ಲೇ ಇದೆ. ಹಬ್ ಮತ್ತು ಸ್ಟ್ಯಾಂಡ್ ಪರೀಕ್ಷಿಸಿಕೊಡಲು ಅಲ್ಲಿನ ಮೆಕ್ಯಾನಿಕಲ್ ವಿಭಾಗವನ್ನು ಕೇಳೋಣ. ಊರಿನ ಒಬ್ಬ ಅನುಭವಿ ಮೆಕ್ಯಾನಿಕ್‌ನನ್ನೂ ಕರೆದು, ಉಪನ್ಯಾಸಕರಿಗೆ ಕೊಡುವ ಕುರ್ಚಿಯನ್ನೇ ಕೊಡೋಣ.

ಮೂರು, ಒಂದು ಲಾಗ್‌ಬುಕ್. ಲೀಟರ್ ಪೆಟ್ರೋಲಿಗೆ ಎಷ್ಟು ಮಿಲಿಲೀಟರ್ 2ಟಿ ಆಯಿಲ್ ಬೆರೆಸಿದೆವು, ಎಷ್ಟು ಸುತ್ತಿಗೆ ಕೊಕ್ಕೆ ತಕ್ಕಡಿ ಎಷ್ಟು ಕೆ.ಜಿ. ಎಳೆತ ತೋರಿಸಿತು, ಹತ್ತು ನಿಮಿಷಕ್ಕೆ ಎಷ್ಟು ಪೆಟ್ರೋಲ್ ಹೋಯಿತು, ಎಲ್ಲವೂ ದಿನಾಂಕದೊಂದಿಗೆ ಅದರಲ್ಲಿ ಇರಬೇಕು. ಸುತ್ತು ಎರಡರಷ್ಟಾದರೆ ಎಳೆತ ಸುಮಾರು ನಾಲ್ಕರಷ್ಟಾಗಬೇಕು ಎನ್ನುತ್ತದೆ ಸಿದ್ಧಾಂತ. ಆಗುತ್ತದೆಯೇ ನೋಡಿ ಗ್ರಾಫ್ ಬರೆಯೋಣ. ಆಗದಿದ್ದರೆ ಆಗಲಿಲ್ಲ ಎಂದೇ ಬರೆಯೋಣ.

ನಾಲ್ಕು, ಆ ಪುಸ್ತಕದಲ್ಲಿ ಇಲ್ಲದ ಒಂದು ಮಾತನ್ನೂ ನೋಟಿಸ್ ಬೋರ್ಡಿನಲ್ಲಾಗಲಿ, ಪತ್ರಿಕೆಯವರ ಮುಂದಾಗಲಿ, ವಾಟ್ಸಾಪ್ ಸ್ಟೇಟಸ್ಸಿನಲ್ಲಾಗಲಿ ನಾವು ಹೇಳುವಂತಿಲ್ಲ. ನಾಲ್ಕರಲ್ಲಿ ನನಗೆ ಮುಖ್ಯವಾದದ್ದು ಇದೇ.

ಒಂದು ವರ್ಷ ಈ ಕೆಲಸ ಸರಿಯಾಗಿ ನಡೆದರೆ, ಹಾರಿಸಬೇಕೇ ಬೇಡವೇ ಎಂಬುದನ್ನು ಮುಂದಿನ ಬ್ಯಾಚಿನವರು ಆ ಪುಸ್ತಕ ತೆರೆದು ತೀರ್ಮಾನಿಸಲಿ. ಆಗ ನಾನು ಇಲ್ಲಿ ಇರುವುದಿಲ್ಲ. ಅವರು ಹಾರಿಸದೆಯೂ ಇರಬಹುದು, ಅದರಿಂದ ಏನೂ ನಷ್ಟವಿಲ್ಲ. ಎಂಜಿನ್ ಒಳಗೆ ಏನಿದೆ ಎಂದು ಬಲ್ಲ ಮೂವತ್ತು ಹುಡುಗ ಹುಡುಗಿಯರು ಅಷ್ಟರಲ್ಲಿ ಇಲ್ಲಿಂದ ಹೊರಗೆ ಹೋಗಿರುತ್ತಾರೆ.

ಮದ್ದೂರು, ಮಳವಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುವ ಗೆಳೆಯರೇ, ನಿಮ್ಮ ಮನೆಯ ಕೊಟ್ಟಿಗೆಯಲ್ಲಿ ಕೆಟ್ಟು ಕೂತ ಚೈನ್‌ಸಾ, ಕಳೆ ಕೊಚ್ಚುವ ಮೆಷಿನ್ ಇದ್ದರೆ ಗುಜರಿಯವನಿಗೆ ಹಾಕುವ ಮೊದಲು ಒಂದು ಮಾತು ಹೇಳಿ. ವರ್ನಿಯರ್ ತೆಗೆದುಕೊಂಡು ನಾವೇ ಬರುತ್ತೇವೆ. ಮೇಲೆ ಬರೆದ ಸಿಸಿ ಎಷ್ಟಾದರೂ ಇರಲಿ.